ಟೋಪಿಯ ಮೇಲೆ ಎರಡು ಮೊಳ ಮಲ್ಲಿಗೆ

ಕೊಲಂಬಸ್, ಒಹಾಯೊ
ಮೇ 2

ಪ್ರೀತಿಯ ಅಮ್ಮ,

ಮಲ್ಲಿಗೆಗೆ ಈಗ ರೇಟು ಹೇಗಿದೆ? ಮದುವೆ ಸೀಸನ್, ನಾಲ್ಕು ಚೆಂಡು ಹೂವಿನ ಒಂದು ಅಟ್ಟೆಗೆ ಒಳ್ಳೆ ದುಡ್ಡು ಸಿಗುತ್ತಿರಬೇಕು ಅಲ್ವಾ?

ನಾನೂ ಮೂರು ದಿನದಿಂದ ಹೂವೇ ಕಟ್ಟುತ್ತಿದ್ದೇನೆ. ಮುಂದಿನ ಭಾನುವಾರ ಪದವಿ ಕೊಡುವ ಸಮಾರಂಭ. ಆವತ್ತು ಹಾಕುವ ಕಪ್ಪು ಟೋಪಿ ಗೊತ್ತಲ್ಲ, ಮೇಲೆ ಚೌಕದ ಹಲಗೆ ಇರುವುದು? ಇಲ್ಲಿಯವರು ಅದನ್ನು ತಮಗೆ ಬೇಕಾದಂತೆ ಅಲಂಕಾರ ಮಾಡಿಕೊಳ್ಳುತ್ತಾರೆ. ಹೆಚ್ಚಿನವರು ಬಟ್ಟೆಯ ಗುಲಾಬಿ ಅಂಟಿಸುತ್ತಾರೆ. ನನಗೆ ನಮ್ಮ ಉಡುಪಿ ಕಡೆಯ ಶಂಕರಪುರದ ಮಲ್ಲಿಗೆಯೇ ಬೇಕು ಅನ್ನಿಸಿತು. ನನ್ನ ಕಾಲೇಜು ಫೀಸು ಬಂದದ್ದು ಅದರಿಂದಲೇ ತಾನೆ.

ನಿಜವಾದ ಹೂವು ಬಿಸಿಲಲ್ಲಿ ಬಾಡುತ್ತದೆ. ಹಾಗಾಗಿ ಬಿಳಿ ಕ್ರೇಪ್ ಕಾಗದ ತಂದೆ. ಈ ಕಾಗದ ಎಳೆದರೆ ಹಿಗ್ಗುತ್ತದೆ. ಸಣ್ಣ ಪಟ್ಟಿ ಕತ್ತರಿಸಿ, ನಡುವೆ ಸ್ವಲ್ಪ ಹಿಗ್ಗಿಸಿ ಸುತ್ತಿದರೆ ಮೊಗ್ಗಿನ ಹೊಟ್ಟೆ ಸರಿಯಾಗಿ ಬರುತ್ತದೆ. ತುದಿ ಹೊಸೆದು, ತೊಟ್ಟಿಗೆ ಹಸಿರು ಟೇಪ್ ಸುತ್ತಿದೆ. 240 ಮೊಗ್ಗು ಮಾಡಲು ಎರಡು ಸಂಜೆ ಹಿಡಿಯಿತು. ಒಂದು ಚೆಂಡಿಗೇ 800 ಮೊಗ್ಗು. ನೀನು ಬೆಳಕು ಹರಿಯುವ ಮೊದಲೇ ಕೊಯ್ದು, ನಾನು ಶಾಲೆಗೆ ಹೊರಡುವಷ್ಟರಲ್ಲಿ ಎಷ್ಟು ಚೆಂಡು ಕಟ್ಟಿ ಮುಗಿಸುತ್ತಿದ್ದೆ! ನಿನ್ನ ಬೆರಳು ಎಷ್ಟು ನೋಯುತ್ತಿತ್ತೋ, ಆಗ ನಾನು ಒಂದು ದಿನವೂ ಕೇಳಲಿಲ್ಲ.

ಕಟ್ಟುವುದು ಇನ್ನೂ ಕಷ್ಟವಾಯಿತು. ಹೊಲಿಗೆ ದಾರದಲ್ಲಿ ತೊಟ್ಟು ಜಾರಿ ಜಾರಿ ಹೋಯಿತು. ಬಾಳೆನಾರು ಇಲ್ಲೆಲ್ಲಿ ಹುಡುಕಲಿ? ಕೊನೆಗೆ ಕರಕುಶಲ ಸಾಮಾನಿನ ಅಂಗಡಿಯಲ್ಲಿ ರಾಫಿಯಾ ಅಂತ ಒಂದು ತಾಳೆ ಜಾತಿಯ ನಾರು ಸಿಕ್ಕಿತು. ನೀನು ಬಾಳೆನಾರು ನೆನೆಸುವ ಹಾಗೆ ಅದನ್ನು ನೆನೆಸಿ, ಸಣ್ಣಗೆ ಸೀಳಿ ಕಟ್ಟಿದೆ. ಮೆತ್ತಗಾಗಿ ಬೆರಳ ಮಾತು ಕೇಳಿತು. ನಿನ್ನ ಕೈ ಓಡುತ್ತಿದ್ದ ರೀತಿ ನನ್ನ ಕೈಗೆ ನೆನಪಿತ್ತು, ಅಮ್ಮ. ನಾಲ್ಕನೇ ಗಂಟಿನ ಹೊತ್ತಿಗೆ ಅಳು ಬಂತು.

ಮೊದಲು ನೇರವಾಗಿ ಟೋಪಿಗೇ ಬಿಸಿ ಅಂಟು ಹಾಕಿ ಒಂದು ಮೂಲೆ ಹಾಳು ಮಾಡಿದ್ದೆ. ಆಮೇಲೆ ಹಲಗೆಯಷ್ಟೇ ಅಗಲದ ತೆಳು ರಟ್ಟು ಕತ್ತರಿಸಿ, ಟೋಪಿಯ ನಡುವಿನ ಬಟನ್ನಿಗೆ ತೂತು ಬಿಟ್ಟು, ಹೂವನ್ನು ಅದಕ್ಕೆ ಹೊಲಿದೆ. ಟೋಪಿಗೆ ಎರಡೂ ಕಡೆ ಅಂಟುವ ಟೇಪ್ ಸಾಕಾಯಿತು. ಹಲಗೆ ಒಂದೊಂದು ಬದಿಗೆ ಸುಮಾರು 24 ಸೆಂಟಿಮೀಟರ್, ಸುತ್ತಲೂ ಸರಿಯಾಗಿ ಎರಡು ಮೊಳ ಹಿಡಿಯಿತು. ಟೋಪಿಯ ದಾರದ ಕುಚ್ಚು ಎಡಗಡೆ ಇಳಿಯುವ ಜಾಗದಲ್ಲಿ ಮಾತ್ರ ಹೂವನ್ನು ಸ್ವಲ್ಪ ತಗ್ಗಿಸಿದ್ದೇನೆ. ಕಾಗದ ಹಗುರ, ತಲೆಗೆ ನಾಲ್ಕು ಪಿನ್ನು ಹಾಕಿದರೆ ಜಾರುವುದಿಲ್ಲ.

ಇಲ್ಲಿ ಬೆಳಗ್ಗೆ 10 ಗಂಟೆ ಅಂದರೆ ನಿಮಗೆ ರಾತ್ರಿ 7.30. ಅಪ್ಪನಿಗೆ ಹೇಳಿ ಫೋನಿನಲ್ಲಿ ನೇರಪ್ರಸಾರ ಹಾಕಿಸು. ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೋ. ಎಲ್ಲರೂ ಕಪ್ಪು ಗೌನಿನಲ್ಲಿ ಇರುವುದರಿಂದ ಮುಖ ಗುರುತು ಹಿಡಿಯುವುದು ಕಷ್ಟ. ಮೇಲಿನಿಂದ ತೋರಿಸುವಾಗ ಮಲ್ಲಿಗೆ ಸುತ್ತಿದ ಟೋಪಿ ಹುಡುಕಿ, ಅದರ ಕೆಳಗೆ ನಾನಿರುತ್ತೇನೆ.

ನಿನ್ನ ಮಗಳು