ಒಂಬತ್ತನೇ ತರಗತಿಯ ರಾಜಸ್ಥಾನ ಪ್ರವಾಸ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಪ್ರವಾಸದ ಬಗ್ಗೆ ಕಳೆದ ವಾರದಿಂದ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ನಡೆದಿರುವ ಚರ್ಚೆಯನ್ನು ಓದಿದ್ದೇನೆ. ಕೆಲವರು ಕಚೇರಿಗೇ ಬಂದು ಕೇಳಿದ್ದೀರಿ, ಒಂದು ಲಿಖಿತ ದೂರೂ ಬಂದಿದೆ. ಎಲ್ಲರ ಪ್ರಶ್ನೆ ಒಂದೇ: ಜೈಸಲ್ಮೇರ್‌ವರೆಗೆ ಹೋಗಿ, ಮರಳಿನ ನಡುವೆ ಡೇರೆಯಲ್ಲಿ ಒಂದು ರಾತ್ರಿ ಕಳೆಯದೆ ಮಕ್ಕಳನ್ನು ಏಕೆ ವಾಪಸು ಕರೆತರುತ್ತೀರಿ?

ಮೊದಲು ಹಣದ ಮಾತು ಮುಗಿಸಿಬಿಡುತ್ತೇನೆ. ನಮ್ಮ ಸುತ್ತೋಲೆಯಲ್ಲಿ ಇದ್ದದ್ದು ‘ಸಮ್ ಮರಳು ದಿಬ್ಬಗಳಿಗೆ ಭೇಟಿ’ ಎಂದು. ವಾಸ್ತವ್ಯದ ಮಾತು ಅದರಲ್ಲಿ ಇರಲಿಲ್ಲ, ಅದಕ್ಕೆಂದು ಶುಲ್ಕವನ್ನೂ ಪಡೆದಿಲ್ಲ. ಆದ್ದರಿಂದ ‘ಹಣ ಕಟ್ಟಿಸಿಕೊಂಡು ಕಾರ್ಯಕ್ರಮ ಬದಲಿಸಿದರು’ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಇಷ್ಟಾದರೂ ಮಕ್ಕಳ ನಿರಾಸೆ ನನಗೆ ಅರ್ಥವಾಗುತ್ತದೆ. ಬೇರೆ ಶಾಲೆಯವರು ಹಾಕಿದ ವಿಡಿಯೊಗಳನ್ನು ಅವರು ನನಗೂ ತೋರಿಸಿದ್ದಾರೆ.

ಪ್ರವಾಸದ ದಿನಾಂಕಗಳನ್ನು ಜೈಸಲ್ಮೇರ್‌ನ ಮರು ಮಹೋತ್ಸವಕ್ಕೆ, ಅಂದರೆ ಮರುಭೂಮಿ ಉತ್ಸವಕ್ಕೆ, ಹೊಂದಿಸಿಯೇ ಇಟ್ಟಿದ್ದೇವೆ. ಅದು ಮುಗಿಯುವುದು ಮಾಘ ಹುಣ್ಣಿಮೆಗೆ, ಅಂದರೆ ನಮ್ಮ ಭಾರತ ಹುಣ್ಣಿಮೆಗೆ. ಕೊನೆಯ ಸಂಜೆ ಜನವೆಲ್ಲ ಸಮ್‌ಗೆ ಹೋಗುತ್ತದೆ. ಆ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಮಕ್ಕಳ ಕೈ ಹಿಡಿದು ನಡೆದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಸಮ್‌ನಲ್ಲಿ ಎಲ್ಲ ಬಯಲು, ಬೇಲಿಯಿಲ್ಲ, ಒಂದು ದಿಬ್ಬ ದಾಟಿದರೆ ಮಗು ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಶಿಬಿರದಲ್ಲಿ ಯಾರು ಇರುತ್ತಾರೆ, ಏನು ಕುಡಿದಿರುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಹಗಲು ಎಷ್ಟು ಬಿಸಿಲಿದ್ದರೂ ಮರಳು ಬೇಗ ಆರುತ್ತದೆ. ರಾತ್ರಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಜೀಪನ್ನು ದಿಬ್ಬದಿಂದ ದಿಬ್ಬಕ್ಕೆ ಹಾರಿಸುವ ಆಟಕ್ಕಂತೂ ಒಪ್ಪುವ ಮಾತೇ ಇಲ್ಲ.

ಹಾಗೆಂದು ಮಕ್ಕಳಿಗೆ ಮರುಭೂಮಿಯನ್ನೇ ತೋರಿಸದೆ ಕರೆತರುತ್ತೇವೆ ಎಂದಲ್ಲ. ಉತ್ಸವದ ಮೊದಲ ಸಂಜೆ, ಜನ ಕಡಿಮೆ ಇರುವಾಗ, ಸುಮಾರು 40 ಕಿಲೋಮೀಟರ್ ದೂರದ ಸಮ್‌ಗೆ ಹೋಗಿ ಸೂರ್ಯಾಸ್ತ ನೋಡಿ ಊಟದ ಹೊತ್ತಿಗೆ ಊರು ಸೇರುತ್ತೇವೆ. ಒಂಟೆ ಸವಾರಿಯನ್ನೂ ನಿಲ್ಲಿಸಿಲ್ಲ. ಒಂಟೆ ಏಳುವಾಗ ಹಿಂಗಾಲುಗಳನ್ನು ಮೊದಲು ಎತ್ತುತ್ತದೆ, ಹಿಡಿದು ಕೂರದವರು ಮುಂದಕ್ಕೆ ಉರುಳುತ್ತಾರೆ. ಇದನ್ನು ದೈಹಿಕ ಶಿಕ್ಷಣದ ಮೇಷ್ಟ್ರು ಬೆಂಚಿನ ಮೇಲೆ ಕೂರಿಸಿ ಈಗಾಗಲೇ ಅಭ್ಯಾಸ ಮಾಡಿಸುತ್ತಿದ್ದಾರೆ. ನಿಲ್ಲಿಸಿರುವುದು ರಾತ್ರಿಯ ವಾಸ್ತವ್ಯವನ್ನು ಮಾತ್ರ.

ಡೇರೆಯ ಗದ್ದಲದಲ್ಲಿ ಉಳಿದದ್ದೆಲ್ಲ ಮರೆಯಾಗಿದೆ ಎಂಬುದು ನನ್ನ ಬೇಸರ. ಜೈಸಲ್ಮೇರ್ ಕೋಟೆಯನ್ನು ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಲು ತೊಡಗಿದ. ಇಂದಿಗೂ ಅದರೊಳಗೆ ಸಂಸಾರಗಳಿವೆ, ಅಂಗಡಿಗಳಿವೆ, ಹಳದಿ ಕಲ್ಲಿನ ಮಾಳಿಗೆಗಳ ಮೇಲೆ ಬಟ್ಟೆ ಒಣಗುತ್ತದೆ. ನಮ್ಮ ಕೋಟೆಗಳನ್ನು ಪಾಳುಬಿದ್ದಂತೆಯೇ ಕಂಡ ಮಕ್ಕಳಿಗೆ ಇದು ಹೊಸದು. ಉತ್ಸವದಲ್ಲಿ ಪೇಟ ಸುತ್ತುವ ಸ್ಪರ್ಧೆ, ಮೀಸೆಯ ಸ್ಪರ್ಧೆ ಇರುತ್ತವೆ, ನಗಲಿ. ಆದರೆ ಮಾಂಗಣಿಯಾರ್ ಗಾಯಕರು ಕಮಾಯಚಾ ಎಂಬ, ಕಮಾನಿನಿಂದ ನುಡಿಸುವ ತಂತಿವಾದ್ಯ ನುಡಿಸುತ್ತಾ ಹಾಡುವಾಗ ಸುಮ್ಮನೆ ಕೂತು ಕೇಳಬೇಕು ಎಂದು ಹೇಳಿದ್ದೇನೆ. ಇವರು ಮುಸ್ಲಿಮರು, ತಲೆಮಾರುಗಳಿಂದ ತಮಗೆ ಆಶ್ರಯ ಕೊಟ್ಟ ರಜಪೂತ ಮನೆಗಳ ಮದುವೆಗೆ, ಮಗು ಹುಟ್ಟಿದ ಸಂಭ್ರಮಕ್ಕೆ ಹಾಡುತ್ತಾ ಬಂದವರು, ಕೃಷ್ಣನ ಹಾಡುಗಳನ್ನೂ ಹಾಡುವವರು. 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಾಲ್ಬೇಲಿಯಾ ನೃತ್ಯವನ್ನೂ ನೋಡಲಿದ್ದಾರೆ.

ಹಿಂದಿರುಗುವಾಗ ಜೋಧಪುರದ ಬಳಿಯ ಖೇಜಡ್ಲಿ ಹಳ್ಳಿ. 1730ರಲ್ಲಿ ಅರಸನ ಕಡೆಯವರು ಖೇಜಡಿ ಮರ ಕಡಿಯಲು ಬಂದಾಗ ಅಮೃತಾ ದೇವಿ ಮರವನ್ನು ಅಪ್ಪಿ ನಿಂತು ಪ್ರಾಣ ಕೊಟ್ಟಳು. ಅವಳ ಹಿಂದೆ, ಮರ ಮತ್ತು ಪ್ರಾಣಿಗಳನ್ನು ಕಾಯುವುದನ್ನೇ ಧರ್ಮವೆಂದು ನಂಬಿದ ಅವಳ ಸಮುದಾಯದ ಬಿಷ್ಣೋಯಿಗಳು ಒಬ್ಬೊಬ್ಬರಾಗಿ ನಿಂತರು. ಸತ್ತವರು ಒಟ್ಟು 363 ಮಂದಿ ಎನ್ನುತ್ತಾರೆ. ಆ ಖೇಜಡಿ ಬೇರೆ ಯಾವುದೂ ಅಲ್ಲ, ದಸರೆಯಲ್ಲಿ ನಾವು ಬಂಗಾರವೆಂದು ಹಂಚುವ ಬನ್ನಿ. ಅಲ್ಲಿಯವರು ಅದರ ಕಾಯಿಯನ್ನು ಒಣಗಿಸಿಟ್ಟು ಪಲ್ಯ ಮಾಡುತ್ತಾರೆ. ಮಕ್ಕಳು ಅದನ್ನೂ ಉಣ್ಣಲಿದ್ದಾರೆ. ದಯವಿಟ್ಟು ಮನೆಯಿಂದ ಡಬ್ಬಗಟ್ಟಲೆ ಅವಲಕ್ಕಿ ಕಟ್ಟಿ ಕಳುಹಿಸಬೇಡಿ.

ನಿಮ್ಮ ಮಕ್ಕಳನ್ನು ದೂರದೂರಿಗೆ ನಮ್ಮೊಂದಿಗೆ ಕಳುಹಿಸಲು ಒಪ್ಪಿದ್ದೀರಿ, ಅದು ಸಣ್ಣ ವಿಶ್ವಾಸವಲ್ಲ. ಆ ವಿಶ್ವಾಸದ ಕಾರಣಕ್ಕೇ ಡೇರೆಯ ವಿಷಯದಲ್ಲಿ ಈ ನಿರ್ಧಾರ ಬದಲಾಗುವುದಿಲ್ಲ. ಮುಂದಿನ ವರ್ಷ ಉತ್ಸವವಿಲ್ಲದ ದಿನಗಳಲ್ಲಿ ಹೋಗುವುದಾದರೆ ಪೋಷಕರ ಸಭೆಯಲ್ಲಿ ಮತ್ತೆ ಮಾತನಾಡೋಣ, ಬಾಗಿಲು ಮುಚ್ಚಿಲ್ಲ.

ಲಗತ್ತಿಸಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಸೋಮವಾರದೊಳಗೆ ತಲುಪಿಸಿ.

ಜೋಧಪುರದ ರೈಲಿಗೆ ಹುಬ್ಬಳ್ಳಿ ನಿಲ್ದಾಣದಲ್ಲಿ ಬೀಳ್ಕೊಡಲು ಮನೆಗೊಬ್ಬರು ಬಂದರೆ ಸಾಕು. ಕಳೆದ ಪ್ರವಾಸದಲ್ಲಿ ಅಜ್ಜಿಯೊಬ್ಬರು ಮೊಮ್ಮಗನ ಸೀಟಿನಲ್ಲೇ ಕುಳಿತು ಬುದ್ಧಿ ಹೇಳುತ್ತಿದ್ದರು. ಅವರನ್ನು ಇಳಿಸುವಷ್ಟರಲ್ಲಿ ಗಾರ್ಡ್ ಹಸಿರು ಬಾವುಟ ತೋರಿಸಿಯಾಗಿತ್ತು.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ