ತುಕ್ಕಿನ ಕಲೆಯಿಂದ ಶುರು ಮಾಡು

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಹತ್ತು ದಿನವಾಯಿತು. ಈ ಸೆಮಿಸ್ಟರ್‌ನಲ್ಲಿ ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ 'ಕ್ಯಾಂಟರ್‌ಬರಿ ಟೇಲ್ಸ್' ಪಾಠ ನಿನ್ನ ಪಾಲಿಗೆ ಬಂದಿದೆ ಎಂದು ಓದಿ ನನಗೆ ನಿಜಕ್ಕೂ ಖುಷಿಯಾಯಿತು. "ಆರುನೂರು ವರ್ಷ ಹಳೆಯ ಇಂಗ್ಲಿಷನ್ನು ಬಿ.ಎ. ಮಕ್ಕಳಿಗೆ ಹೇಗೆ ಓದಿಸಲಿ, ಅದೂ ಗುಂಪು ಚಟುವಟಿಕೆ ಬೇರೆ ಮಾಡಿಸಬೇಕಂತೆ" ಎಂದು ಬರೆದಿದ್ದೀಯಲ್ಲ, ಆ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಅಲ್ಲಿ ನಾನೂ ಒದ್ದಾಡಿದ್ದೇನೆ. ಆದ್ದರಿಂದ ನನ್ನ ತರಗತಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಪತ್ರ ಉದ್ದವಾದರೆ ಎರಡು ಕಂತಿನಲ್ಲಿ ಓದು.

ಮೊದಲ ವರ್ಷ ಕೆಟ್ಟದಾಗಿ ಮಾಡಿಸಿದೆ. ಕಥೆ ಹೇಳುತ್ತಾ ಕ್ಯಾಂಟರ್‌ಬರಿಗೆ ಹೊರಟ ಯಾತ್ರಿಕರಲ್ಲಿ ಗುಂಪಿಗೊಬ್ಬನನ್ನು ಹಂಚಿ, "ಪಾತ್ರ ಪರಿಚಯ ಮಾಡಿ" ಎಂದು ಹೇಳಿ ಕೈತೊಳೆದುಕೊಂಡೆ. ಮುಂದಿನ ವಾರ ಡ್ರಾಯಿಂಗ್ ಶೀಟುಗಳು ಬಂದವು. ನೈಟ್, ಅಂದರೆ ಕುದುರೆಯ ಯೋಧನ ಗುಂಪು ಇಂಟರ್ನೆಟ್‌ನಿಂದ ತೆಗೆದು ಅಂಟಿಸಿದ್ದ ಚಿತ್ರದಲ್ಲಿ ಉಕ್ಕಿನ ಕವಚ ಕನ್ನಡಿಯಂತೆ ಹೊಳೆಯುತ್ತಿತ್ತು. ಕೆಳಗೆ ಸ್ಕೆಚ್ ಪೆನ್ನಿನಲ್ಲಿ ನಾಲ್ಕು ಪದ: ಧೀರ, ಪ್ರಾಮಾಣಿಕ, ವಿನಯಶೀಲ, ಧರ್ಮನಿಷ್ಠ. ಗೈಡಿನಿಂದ ಇಳಿಸಿಕೊಂಡದ್ದು. ಆ ನಾಲ್ಕು ಪದಗಳನ್ನು ಯಾವ ಕಾಲದ, ಯಾವ ದೇಶದ ವೀರನ ಚಿತ್ರದ ಕೆಳಗೆ ಬರೆದಿದ್ದರೂ ಯಾರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಚಾಸರ್‌ನ ನೈಟ್ ಹೊಳೆಯುವುದಿಲ್ಲ. ಅವನ ಮೈಮೇಲೆ ಫಸ್ಟಿಯನ್ ಎಂಬ ಒರಟು ಬಟ್ಟೆಯ ಅಂಗಿ. ಕಬ್ಬಿಣದ ಬಳೆಗಳನ್ನು ಹೆಣೆದು ಮಾಡಿದ ಕವಚ ಉಜ್ಜಿ ಉಜ್ಜಿ ಅದರ ತುಂಬ ತುಕ್ಕಿನ ಕಲೆ. ಆಗತಾನೇ ದಂಡಯಾತ್ರೆಯಿಂದ ಮರಳಿ ನೇರವಾಗಿ ಕ್ಯಾಂಟರ್‌ಬರಿಗೆ ಹೊರಟಿದ್ದಾನೆ. ಅಷ್ಟು ಮಾತ್ರ ಹೇಳಿ ಕವಿ ಮುಂದಕ್ಕೆ ಹೋಗುತ್ತಾನೆ.

ಮರುವರ್ಷ ಒಂದೇ ನಿಯಮ ಹಾಕಿದೆ: ವಿಶೇಷಣ ಬಳಸುವ ಹಾಗಿಲ್ಲ. ಪದ್ಯದಲ್ಲಿ ಕಣ್ಣಿಗೆ ಕಾಣುವುದನ್ನು, ಕೈಗೆ ಸಿಗುವುದನ್ನು ಮಾತ್ರ ಹೇಳಬೇಕು. ಗುಂಪಿಗೆ ಐವರು. ಒಬ್ಬರಿಗೆ ಬಟ್ಟೆ, ಒಬ್ಬರಿಗೆ ಕುದುರೆ, ಒಬ್ಬರಿಗೆ ದುಡ್ಡು, ಒಬ್ಬರಿಗೆ ಮೈ ಮತ್ತು ಮುಖ, ಐದನೆಯವರಿಗೆ ಬಾಯಿ. ಅಂದರೆ ಊಟ ಮತ್ತು ಮಾತು. ಜಾಣ ಹುಡುಗಿಯೊಬ್ಬಳೇ ಎಲ್ಲ ಬರೆದು ಉಳಿದ ನಾಲ್ವರು ಹೆಸರು ಸೇರಿಸುವ ಕಾಯಿಲೆಗೂ ಇದು ಮದ್ದಾಯಿತು, ಏಕೆಂದರೆ ಕುದುರೆಯ ವಿಷಯ ಕುದುರೆಯವನಿಗೆ ಮಾತ್ರ ಗೊತ್ತಿರುತ್ತದೆ. ಆಕ್ಸ್‌ಫರ್ಡ್‌ನ ವಿದ್ಯಾರ್ಥಿಯ ಕುದುರೆ ಕಸ ಬಾಚುವ ಹಲ್ಲಿನ ಕೋಲಿನ ಹಾಗೆ ಬಡಕಲು. ಜಮೀನಿನ ಉಸ್ತುವಾರಿ ನೋಡುವ ರೀವ್‌ನ ಕುದುರೆಗೆ ಸ್ಕಾಟ್ ಎಂಬ ಹೆಸರೂ ಇದೆ. ಮೂವತ್ತರ ಹತ್ತಿರದ ಯಾತ್ರಿಕರ ಗುಂಪಿನಲ್ಲಿ ಒಂದು ಕುದುರೆಗೆ ಹೆಸರಿದ್ದು, ಅದರ ಮೇಲೆ ಕುಳಿತವನ ಹೆಸರು ಆ ಪರಿಚಯದಲ್ಲಿ ಎಲ್ಲಿಯೂ ಇಲ್ಲ ಎಂದು ಕಂಡುಹಿಡಿದವನು, ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿ ಬಿಡದ ಹುಡುಗ.

ನೈಟ್‌ನ ಬಟ್ಟೆ ಸಿಕ್ಕಿದ್ದ ಹುಡುಗ ಆ ಸಲ ಚಿತ್ರ ತರಲಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ ತನ್ನ ತಂದೆಯ ಖಾಕಿ ಅಂಗಿಯನ್ನು ಮಡಿಸಿ ತಂದಿದ್ದ. ಮೇಜಿನ ಮೇಲೆ ಬಿಡಿಸಿದ. ಎದೆಯ ಹತ್ತಿರ, ತೋಳಿನ ಒಳಮಡಿಕೆಯಲ್ಲಿ ಕಬ್ಬಿಣದ ಕಂದು ಕಲೆ. "ಎಷ್ಟು ಒಗೆದರೂ ಹೋಗುವುದಿಲ್ಲ ಸರ್. ಮದುವೆಗೆ ಹೊರಟರೆ ಅಪ್ಪ ಬೇರೆ ಅಂಗಿ ಹಾಕುತ್ತಾರೆ. ಈ ನೈಟ್ ಯಾಕೆ ಹಾಕಲಿಲ್ಲ?" ಎಂದು ಕೇಳಿದ. ಹರಕೆ ತೀರಿಸುವ ಅವಸರ ಎಂದು ಒಬ್ಬಳು, ಬೇರೆ ಅಂಗಿಯೇ ಇರಲಿಲ್ಲ ಎಂದು ಇನ್ನೊಬ್ಬ. ಕುದುರೆಯ ಹುಡುಗಿ ಪುಸ್ತಕ ತೆರೆದು, ಕುದುರೆಗಳು ಒಳ್ಳೆಯವು, ಬಟ್ಟೆ ಮಾತ್ರ ಸಾಧಾರಣ ಎಂದು ಬರೆದಿದೆ, ಅಂದಮೇಲೆ ದುಡ್ಡಿಲ್ಲದವನಲ್ಲ ಎಂದಳು. ನಾನು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದೆ. ಅವರು ಸಾಲಿನಿಂದ ಸಾಲಿಗೆ ಹೋಗಿ ಜಗಳವಾಡುತ್ತಿದ್ದರು.

ಹಿನ್ನೆಲೆ ಎಷ್ಟು ಹೇಳಬೇಕು ಎಂದು ಕೇಳಿದ್ದೀಯ. ನನ್ನ ಮಟ್ಟಿಗೆ ಹದಿನೈದು ನಿಮಿಷ ಸಾಕು. ಕ್ಯಾಂಟರ್‌ಬರಿಯಲ್ಲಿ ಕೊಲೆಯಾಗಿ ಸಂತನೆನಿಸಿದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್, 1170; ಯಾತ್ರಿಕರು ಹೊರಟದ್ದು ಅವನ ಸನ್ನಿಧಿಗೆ. ಲಂಡನ್ನಿನ ಸೇತುವೆಯಾಚೆಯ ಸದರ್ಕ್, ಅಲ್ಲಿನ ಟ್ಯಾಬರ್ಡ್ ಎಂಬ ವಸತಿಗೃಹ, ಸುಮಾರು ತೊಂಬತ್ತೈದು ಕಿಲೋಮೀಟರ್ ದಾರಿ. 1348ರಲ್ಲಿ ಬಂದ ಮಹಾಮಾರಿ ಊರೂರು ಬರಿದು ಮಾಡಿದ ಮೇಲೆ ಕೂಲಿಯವರಿಗೆ ಬಂದ ಬೆಲೆ, 1381ರ ರೈತರ ದಂಗೆ. ಪ್ರಾರ್ಥಿಸುವವರು, ಕಾದುವವರು, ದುಡಿಯುವವರು ಎಂಬ ಮೂರು ವರ್ಗದ ಹಳೆಯ ಲೆಕ್ಕಾಚಾರ ಸಡಿಲವಾಗುತ್ತಿದ್ದ ಹೊತ್ತು ಅದು. ಹಿಟ್ಟಿನ ಗಿರಣಿಯವನೂ ನೈಟ್ ಕೂಡ ಒಂದೇ ಸೂರಿನಡಿ ಹೇಗೆ ಉಂಡರು ಎಂದು ಯಾರಾದರೂ ಕೇಳಿದರೆ ಆಗ ಉಳಿದದ್ದನ್ನು ಹೇಳು. ಕೇಳಿಯೇ ಕೇಳುತ್ತಾರೆ. ಧರ್ಮಸ್ಥಳದ ಪಾದಯಾತ್ರೆಯ ಮಾತನ್ನೂ ಎತ್ತುತ್ತಾರೆ. ಐದು ನಿಮಿಷ ಮಾತನಾಡಲಿ, ಆಮೇಲೆ ಮತ್ತೆ ಸದರ್ಕ್‌ಗೆ ಕರೆದುಕೊಂಡು ಬಾ. ಹೋಲಿಕೆ ಬೇಗ ಸಿಕ್ಕಿಬಿಟ್ಟರೆ ಓದು ಅಲ್ಲಿಗೇ ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಭಾಷೆಗೆ ಹೆದರಬೇಡ. ಇದರಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ. ಚಾಸರ್‌ನ ಕಾಲಕ್ಕೆ ಇಂಗ್ಲಿಷಿನ ದೀರ್ಘಸ್ವರಗಳು ಇನ್ನೂ ಇಂದಿನ ಹಾದಿಗೆ ಹೊರಳಿರಲಿಲ್ಲ; ಆ, ಏ, ಈ, ಓ, ಊ ಹೆಚ್ಚು ಕಡಿಮೆ ನಾವು ಉಚ್ಚರಿಸುವಂತೆಯೇ ಇದ್ದವು. ನೈಟ್ ಎಂಬುದರ ಮೊದಲಿನ ಕಕಾರ, ನಡುವಿನ ಖಕಾರದಂಥ ಉಸಿರು ಎರಡೂ ಕೇಳಿಸುತ್ತಿದ್ದವು: ಕ್ನಿಖ್ತ್. ನಾನು ಮೊದಲ ಎರಡು ಸಾಲುಗಳನ್ನು ಬೋರ್ಡಿನ ಮೇಲೆ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಒಂದು ಸಾಲು "ಸೋತೆ" ಎಂದು ಮುಗಿದರೆ ಮುಂದಿನದು "ರೋತೆ" ಎಂದು ಮುಗಿಯುತ್ತದೆ. ಸೋತೆ ಎಂದರೆ ಸಿಹಿ, ಏಪ್ರಿಲ್ ಮಳೆಯ ಸಿಹಿ. ರೋತೆ ಎಂದರೆ ಬೇರು. ಮೊದಲ ಸಲ ಎಲ್ಲರೂ ನಕ್ಕರು, ಎರಡನೆಯ ಸಲ ಒಟ್ಟಿಗೆ ಓದಿದರು, ಮೂರನೆಯ ಸಲ ಪ್ರಾಸ ತಾನೇ ನಡೆಸಿಕೊಂಡು ಹೋಯಿತು. ಅರ್ಥಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯದ ಚಾಸರ್ ಜಾಲತಾಣದಲ್ಲಿ ಸಾಲಿನ ಕೆಳಗೆ ಸಾಲು ಇಂದಿನ ಇಂಗ್ಲಿಷ್ ಇದೆ. ಅದನ್ನೇ ಮುದ್ರಿಸಿ ಹಂಚು.

ಮೂರನೆಯ ವಾರದಲ್ಲಿ ನಿಯಮವನ್ನು ತಿರುಗಿಸಬೇಕು. ವಿಶೇಷಣ ಬೇಡ ಎಂದವನೇ ಒಂದು ವಿಶೇಷಣವನ್ನು ಕೊಟ್ಟು ಬೇಟೆಗೆ ಕಳಿಸುತ್ತೇನೆ: ವರ್ದಿ, ಅಂದರೆ ಯೋಗ್ಯ, ಗಣ್ಯ. ನೈಟ್‌ಗೆ ಆ ಪದ ಮತ್ತೆ ಮತ್ತೆ ಬರುತ್ತದೆ, ಸರಿಯೇ. ಸಾಲದಲ್ಲಿ ಮುಳುಗಿದ್ದನ್ನು ಯಾರಿಗೂ ತಿಳಿಯಗೊಡದ ವ್ಯಾಪಾರಿಗೂ ಅದೇ ಪದ. ಬಾತ್ ಊರಿನ ಕಡೆಯ, ಐದು ಮದುವೆಯಾದ ಹೆಂಗಸು ವೈಫ್ ಆಫ್ ಬಾತ್‌ಗೂ ಅದೇ. ಊರಿನ ಹೆಂಡದಂಗಡಿಗಳನ್ನೆಲ್ಲ ಬಲ್ಲ, ಕುಷ್ಠರೋಗಿಗಳ ಸಹವಾಸ ತನ್ನಂಥವನಿಗೆ ತಕ್ಕದ್ದಲ್ಲ ಎನ್ನುವ ಫ್ರಯರ್‌ಗೂ, ಅಂದರೆ ಬೇಡಿ ತಿನ್ನುವ ಸನ್ಯಾಸಿಗೂ ಅದೇ. ಹುಡುಗರು ಪದದ ಸುತ್ತ ಗೆರೆ ಎಳೆಯುತ್ತಾ ಎಳೆಯುತ್ತಾ ನಿಂತುಬಿಟ್ಟರು. ಎಲ್ಲರನ್ನೂ ಒಂದೇ ಬಾಯಿಯಲ್ಲಿ ಹೊಗಳುವ ಈ ನಿರೂಪಕ ಯಾರು ಎಂಬ ಪ್ರಶ್ನೆ ಅವರದೇ ಬಾಯಿಂದ ಬಂತು. ಆ ಪ್ರಶ್ನೆಗಾಗಿಯೇ ನಾನು ಒಂದು ಗುಂಪನ್ನು ಬಿಡಿಯಾಗಿ ಇಟ್ಟಿರುತ್ತೇನೆ. ಆ ಗುಂಪಿನ ಪಾತ್ರ ಚಾಸರ್, ಅಂದರೆ ಕಥೆಯೊಳಗೆ ಕುದುರೆ ಏರಿದ ಚಾಸರ್. ವಸತಿಗೃಹದ ಯಜಮಾನ ಅವನನ್ನು, ಮೊಲ ಹುಡುಕುವವನಂತೆ ಸದಾ ನೆಲ ನೋಡುತ್ತಿರುವೆಯಲ್ಲ ಎಂದು ಕೆಣಕುತ್ತಾನೆ. ಹೊರಗಿನ ಚಾಸರ್ ದ್ರಾಕ್ಷಾರಸದ ವ್ಯಾಪಾರಿಯ ಮಗ. 1374ರಿಂದ 1386ರವರೆಗೆ ಲಂಡನ್ ಬಂದರಿನಲ್ಲಿ ಉಣ್ಣೆಯ ಸುಂಕದ ಲೆಕ್ಕ ನೋಡಿದವನು. ಹನ್ನೆರಡು ವರ್ಷ ಮೂಟೆಗಳನ್ನೂ ಮನುಷ್ಯರನ್ನೂ ನೋಡಿದ ಕಣ್ಣು ಬಟ್ಟೆಯನ್ನು ಹಾಗೆ ಗುರುತಿಸುವುದು ಆಶ್ಚರ್ಯವೇನಲ್ಲ.

ನಿಯಮ ಮುರಿದುಬೀಳುವುದು ಊರ ಪಾದ್ರಿಯ ಹತ್ತಿರ. ಆ ಗುಂಪಿನ ಬಟ್ಟೆಯ ಹುಡುಗಿ ಅಳುಮುಖ ಮಾಡಿಕೊಂಡು ಬಂದಳು: "ಸರ್, ನನ್ನ ಪಾಲಿಗೆ ಏನೂ ಇಲ್ಲ." ಮುಖದವನಿಗೂ ಇರಲಿಲ್ಲ, ಕುದುರೆಯವಳಿಗೂ ಇರಲಿಲ್ಲ. ಕೈಯಲ್ಲೊಂದು ಊರುಗೋಲು; ಮಳೆ ಗುಡುಗು ಲೆಕ್ಕಿಸದೆ ದೂರದೂರದ ಮನೆಗಳಿಗೆ ನಡೆದುಹೋಗುವುದು; ಚಿನ್ನವೇ ತುಕ್ಕು ಹಿಡಿದರೆ ಕಬ್ಬಿಣದ ಗತಿಯೇನು ಎಂಬ ಮಾತು. ಅಷ್ಟೇ. ಖಾಲಿ ಉಳಿದ ಕಾಲಂಗಳನ್ನು ಹಾಗೇ ಬಿಡಿ, ತರಗತಿಗೆ ತೋರಿಸಿ ಎಂದೆ. ಮಾಂಕ್, ಅಂದರೆ ಮಠದ ಸನ್ಯಾಸಿಯ ಗುಂಪಿನ ಹಾಳೆ ತುಂಬಿ ತುಳುಕುತ್ತಿತ್ತು: ತೋಳಿಗೆ ತುಪ್ಪಟದ ಅಂಚು, ಚಿನ್ನದ ಪಿನ್ನು, ಗಾಜಿನಂತೆ ಮಿನುಗುವ ಬೋಳುತಲೆ, ಹುರಿದ ಹಂಸ. ಎರಡು ಹಾಳೆಗಳನ್ನು ಅಕ್ಕಪಕ್ಕ ಗೋಡೆಗೆ ಅಂಟಿಸಿದಾಗ ನಾನು ಏನನ್ನೂ ವಿವರಿಸಲಿಲ್ಲ.

ಈಗ ವೈಫ್ ಆಫ್ ಬಾತ್. ಅವಳನ್ನು ಹುಡುಗಿಯರಿಗೇ ಕೊಡಬೇಕೆಂದೇನೂ ಇಲ್ಲ, ಆ ಸಲ ಚೀಟಿಯಲ್ಲಿ ಹಾಗೆ ಬಂತು. ಭಾನುವಾರ ಅವಳು ತಲೆಗೆ ಸುತ್ತುತ್ತಿದ್ದ ವಸ್ತ್ರಗಳು ಹತ್ತು ಪೌಂಡ್ ತೂಗುತ್ತಿದ್ದವು, ಆಣೆ ಮಾಡಿ ಹೇಳಬಲ್ಲೆ ಎನ್ನುತ್ತಾನೆ ನಿರೂಪಕ. ಹತ್ತು ಪೌಂಡ್ ಎಂದರೆ ನಾಲ್ಕೂವರೆ ಕಿಲೋ. ಹುಡುಗಿಯರು ಕಾಲೇಜಿನ ಎದುರಿನ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಕಾಟನ್ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ತೂಗಿದರು. ಎಂಟು ಸೀರೆ ಬೇಕಾಯಿತು. ಒಬ್ಬಳ ತಲೆಗೆ ಎಂಟನ್ನೂ ಸುತ್ತಿ ತರಗತಿಗೆ ಕರೆತಂದರು, ಕತ್ತು ನಿಲ್ಲುತ್ತಿರಲಿಲ್ಲ. "ಇವನು ನೋಡಿದ್ದಕ್ಕೆ ಸೇರಿಸಿ ಹೇಳುತ್ತಿದ್ದಾನೆ" ಎಂದು ಆಗಲೇ ಬರೆದುಕೊಂಡರು.

ಆದರೆ ಅವರನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಾಲು. ಅವಳ ಪರಿಚಯದ ಶುರುವಿನಲ್ಲೇ, ಸ್ವಲ್ಪ ಕಿವುಡಿ, ಪಾಪ ಎಂದಿದೆ. ಯಾಕೆ ಕಿವುಡಿ? ಅಲ್ಲಿ ಉತ್ತರವಿಲ್ಲ. ಯಾತ್ರಿಕರೆಲ್ಲರ ಪರಿಚಯವಿರುವ ಮುನ್ನುಡಿಗೆ ಚಾಸರ್ ತೆಗೆದುಕೊಂಡದ್ದು 858 ಸಾಲು. ಅವಳೊಬ್ಬಳು ತನ್ನ ಕಥೆಗೆ ಮುನ್ನ ಮಾತನಾಡುವುದೇ ಹೆಚ್ಚು ಕಡಿಮೆ ಅಷ್ಟು ಸಾಲು. ಹುಡುಗಿಯರು ಅದನ್ನು ಹಂಚಿಕೊಂಡು ಓದಿದರು. ಹನ್ನೆರಡನೆಯ ವಯಸ್ಸಿಗೆ ಮೊದಲ ಮದುವೆ. ಐದನೆಯ ಗಂಡ ಜ್ಯಾಂಕಿನ್‌ಗೆ ಇಪ್ಪತ್ತು, ಅವಳಿಗೆ ನಲವತ್ತು. ಅವನ ಹತ್ತಿರ ಕೆಟ್ಟ ಹೆಂಡತಿಯರ ಕಥೆಗಳದ್ದೇ ಒಂದು ಪುಸ್ತಕ. ರಾತ್ರಿಯಾದರೆ ಅದನ್ನೇ ಓದಿ ಹೇಳುತ್ತಾನೆ, ನಗುತ್ತಾನೆ. ಒಂದು ರಾತ್ರಿ ಅವಳು ಮೂರು ಹಾಳೆ ಕಿತ್ತು ಅವನ ಕೆನ್ನೆಗೆ ಬಾರಿಸುತ್ತಾಳೆ. ಅವನು ಮುಷ್ಟಿಯಿಂದ ತಲೆಗೆ ಹೊಡೆಯುತ್ತಾನೆ. ಕಿವಿ ಹೋದದ್ದು ಹಾಗೆ. ಮನುಷ್ಯನಿಗೆ ಸೋತ ಸಿಂಹದ ಚಿತ್ರ ಬರೆದವರು ಯಾರು ಹೇಳು (ಸಿಂಹವಲ್ಲ, ಮನುಷ್ಯನೇ ತಾನೆ) ಎಂದು ಅವಳು ಕೇಳುವುದು ಇದೇ ಪ್ರಸಂಗದ ನಡುವೆ.

ಈ ಗುಂಪು ಮಂಡಿಸಿದ ದಿನ, ಪಾತ್ರ ವಹಿಸಿದ ಹುಡುಗಿ ಇಡೀ ಹೊತ್ತು ಒಂದು ಕಿವಿಯನ್ನು ನಮ್ಮ ಕಡೆ ತಿರುಗಿಸಿಕೊಂಡೇ ಕುಳಿತಿದ್ದಳು. ಪ್ರಶ್ನೆ ಕೇಳಿದವರೆಲ್ಲ ಎರಡು ಸಲ ಕೇಳಬೇಕಾಯಿತು. ಕೊನೆಯಲ್ಲಿ ಅವಳ ಗೆಳತಿ ಎದ್ದು ಹೇಳಿದಳು: "ಮೊದಲು ಕಿವಿ ಕೇಳುವುದಿಲ್ಲ ಅಂತಷ್ಟೇ ಹೇಳುವುದು, ಯಾಕೆ ಅಂತ ಎಷ್ಟೋ ಹೊತ್ತಿನ ಮೇಲೆ ಹೇಳುವುದು. ನಮ್ಮೂರ ಹೆಂಗಸರೂ ಹೀಗೇ ಹೇಳುತ್ತಾರೆ ಸರ್." ತರಗತಿ ಮೌನವಾಯಿತು. ಹದಿನೆಂಟು ವರ್ಷದಿಂದ ಈ ಪಠ್ಯ ಓದುತ್ತಿದ್ದೇನೆ, ಆ ಎರಡು ಸಾಲುಗಳ ನಡುವಿನ ಅಂತರವನ್ನು ನಾನು ಹಾಗೆ ಕೇಳಿಸಿಕೊಂಡಿರಲಿಲ್ಲ.

ಪ್ರಿಯರೆಸ್ ವಿಷಯದಲ್ಲಿ ನಿನಗೊಂದು ಎಚ್ಚರಿಕೆ. ಕನ್ಯಾಮಠದ ಈ ಮುಖ್ಯಸ್ಥೆ ಎಲ್ಲರಿಗೂ ಇಷ್ಟವಾಗುತ್ತಾಳೆ. ತುಟಿಯಿಂದ ಒಂದು ತುತ್ತು ಜಾರುವುದಿಲ್ಲ, ಬೋನಿಗೆ ಬಿದ್ದ ಇಲಿ ಕಂಡರೆ ಅಳುತ್ತಾಳೆ, ನಾಯಿಮರಿಗಳಿಗೆ ಹುರಿದ ಮಾಂಸ, ಹಾಲು, ಬಿಳಿ ರೊಟ್ಟಿ. ಆಮೇಲೆ ಅವಳು ಹೇಳುವ ಕಥೆ ಬರುತ್ತದೆ: ಯಹೂದಿಗಳು ಒಂದು ಮಗುವನ್ನು ಕೊಂದರೆಂಬ ಕಟ್ಟುಕಥೆ, ಅದಕ್ಕೆ ಅವರನ್ನು ಕುದುರೆಗಳಿಗೆ ಕಟ್ಟಿ ಎಳೆಸಿ ನೇಣಿಗೆ ಹಾಕಿದ್ದು. ಇಂಗ್ಲೆಂಡ್ ತನ್ನ ಯಹೂದಿಗಳನ್ನು ಓಡಿಸಿದ್ದು 1290ರಲ್ಲಿ; ಅವಳು ಕಥೆ ಹೇಳುವ ಹೊತ್ತಿಗೆ ನೂರು ವರ್ಷ ಸಮೀಪಿಸಿತ್ತು. ಕಣ್ಣೆದುರು ಇಲ್ಲದವರ ಮೇಲೂ ದ್ವೇಷ ಹೀಗೆ ಬದುಕಿತ್ತು ಎಂಬುದನ್ನು ಪರಿಚಯ ಮುಗಿದ ಮೇಲೆ, ಕಥೆಗೆ ಮುಂಚೆ ಹೇಳಿಬಿಡು, ಮುಚ್ಚಿಡಬೇಡ. ನನ್ನ ಗುಂಪು ಎರಡಾಗಿ ಒಡೆಯಿತು. ಇಲಿಗೆ ಅತ್ತದ್ದು ಸುಳ್ಳು ಎಂದರು ಮೂವರು. ಅತ್ತದ್ದೂ ನಿಜ, ಕಥೆ ಹೇಳಿದ್ದೂ ನಿಜ, ಅದಕ್ಕೇ ಭಯವಾಗುತ್ತದೆ ಎಂದರು ಇಬ್ಬರು. ಒಂದೇ ತೀರ್ಮಾನಕ್ಕೆ ಬನ್ನಿ ಎಂದು ನಾನು ಒತ್ತಾಯಿಸಲಿಲ್ಲ. ಎರಡು ವರದಿ ಬರೆಸಿದೆ, ಎರಡಕ್ಕೂ ಅಂಕ ಕೊಟ್ಟೆ. ಗುಂಪು ಎಂದರೆ ಒಂದೇ ಅಭಿಪ್ರಾಯ ಎಂದು ಯಾರಾದರೂ ನಿನಗೆ ಹೇಳಿದರೆ ಒಪ್ಪಬೇಡ.

ಇದೇ ಕಾವ್ಯದ ಎಲ್ಸ್‌ಮಿಯರ್ ಎಂಬ ಹಸ್ತಪ್ರತಿಯ ಚಿತ್ರಗಳನ್ನು ಕೊನೆಯ ದಿನ ತೋರಿಸು, ಅದಕ್ಕೂ ಮೊದಲು ಬೇಡ. ಹದಿನೈದನೆಯ ಶತಮಾನದ ಆರಂಭದ ಪ್ರತಿ, ಈಗ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯದಲ್ಲಿದೆ. ವೈಫ್ ಆಫ್ ಬಾತ್ ಅಗಲ ಹ್ಯಾಟು ಹಾಕಿ ಕೈಯಲ್ಲಿ ಚಾಟಿ ಹಿಡಿದು ಕುದುರೆಯ ಮೇಲಿದ್ದಾಳೆ. ನಮ್ಮ ಹುಡುಗಿಯರು ಚಿತ್ರವನ್ನು ದೊಡ್ಡದು ಮಾಡಿ ಕಿವಿ ಹುಡುಕಿದರು.

ಈ ವರ್ಷ ಒಂದು ಗುಂಪು ತಾನಾಗಿ ಅಡುಗೆಯವನನ್ನು ಕೇಳಿ ಪಡೆದಿದೆ. ಮೊಳಕಾಲಿನ ಕೆಳಗೆ ಕೀವುಗಟ್ಟಿದ ಹುಣ್ಣು, ಪಕ್ಕದ ಸಾಲಿನಲ್ಲೇ ಅವನು ಸೊಗಸಾಗಿ ಮಾಡುವ ಬಿಳಿಯ ಖಾದ್ಯ. ಅವನ ಕಥೆ 58 ಸಾಲಿಗೆ ನಿಂತುಹೋಗಿದೆಯಲ್ಲ. ಮುಂದಿನದನ್ನು ನಾವೇ ಬರೆಯಬಹುದೇ ಎಂದು ನಿನ್ನೆ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ಕೇಳಿದರು. ನಾಳೆ ಹೇಳುತ್ತೇನೆ ಎಂದು ಕಳಿಸಿದ್ದೇನೆ. ನೀನಾಗಿದ್ದರೆ ಏನು ಹೇಳುತ್ತಿದ್ದೆ? ಬೇಗ ಬರೆ, ಸೋಮವಾರ ಅವರ ತರಗತಿಯಿದೆ.

ನಿನ್ನ
ಗೆಳೆಯ