ಪುಷ್ಪಕ್ ವಿಮಾನದ ಕೊಳವೆ ಉಜ್ಜುವ ಮುನ್ನ

ಮಾನ್ಯ ಸಂಪಾದಕರೇ,

ನಗರದ ಕಾಲೇಜೊಂದರ ಅಂಗಳದಲ್ಲಿ ವರ್ಷಗಟ್ಟಲೆ ಬಿಸಿಲು ಮಳೆಗೆ ನಿಂತಿದ್ದ ಪುಷ್ಪಕ್ ವಿಮಾನವನ್ನು ವಿದ್ಯಾರ್ಥಿಗಳು ದುರಸ್ತಿ ಮಾಡುತ್ತಿರುವ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಓದಿ ತುಂಬಾ ಸಂತೋಷವಾಯಿತು. ಆದರೆ ಜೊತೆಗಿದ್ದ ಚಿತ್ರ ನೋಡಿ ಎದೆ ಧಸಕ್ಕೆಂದಿತು. ಹುಡುಗನೊಬ್ಬ ಗ್ರೈಂಡರ್ ಹಿಡಿದು ವಿಮಾನದ ಚೌಕಟ್ಟಿನ ಉಕ್ಕಿನ ಕೊಳವೆಗಳನ್ನು ಪಳಪಳ ಹೊಳೆಯುವಂತೆ ಉಜ್ಜುತ್ತಿದ್ದ. ದಯವಿಟ್ಟು ಆ ಗ್ರೈಂಡರನ್ನು ಸ್ವಲ್ಪ ದಿನ ಪಕ್ಕಕ್ಕಿಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಏರ್‌ಫ್ರೇಮ್, ಅಂದರೆ ಎಂಜಿನ್ ಬಿಟ್ಟು ವಿಮಾನದ ಒಡಲಿನ ಕೆಲಸದಲ್ಲೇ ಬದುಕು ಕಳೆದವನು. ಈಗ ನಿವೃತ್ತನಾಗಿ, ನನ್ನಂಥ ಕೆಲವರ ಜೊತೆ ಸೇರಿ ಇನ್ನೊಂದು ಪುಷ್ಪಕ್ಕನ್ನು ಬಿಚ್ಚಿ ಜೋಡಿಸುತ್ತಿದ್ದೇನೆ. ಇದು ನಮ್ಮ ಊರಿನಲ್ಲೇ, ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆಯಲ್ಲಿ ಹುಟ್ಟಿದ ವಿಮಾನ. 1958ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿತು. ಅಕ್ಕಪಕ್ಕ ಎರಡು ಸೀಟು, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಮೇಲೆ ಬಟ್ಟೆಯ ಹೊದಿಕೆ. 150ಕ್ಕೂ ಹೆಚ್ಚು ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು.

ನಮ್ಮ ವಿಮಾನದ ಹಳೆಯ ಬಟ್ಟೆ ತೆಗೆದಾಗ ಕೊಳವೆಗಳ ಮೇಲೆ ಅಲ್ಲಲ್ಲಿ ಸಾಸಿವೆಗಿಂತ ತುಸು ದೊಡ್ಡ ತಲೆಯ ಪುಟ್ಟ ಸ್ಕ್ರೂಗಳು ಕಂಡವು. ಅವು ಏನನ್ನೂ ಹಿಡಿದಿರಲಿಲ್ಲ. ನಮ್ಮ ಜೊತೆಗಿದ್ದ ಕಿರಿಯರು, ಯಾರೋ ಹಿಂದೆ ಏನನ್ನೋ ಕಟ್ಟಿ ಬಿಚ್ಚಿದ ಗುರುತು ಎಂದುಕೊಂಡು, ಉಜ್ಜಿ ಸಮ ಮಾಡಲು ಹೊರಟಿದ್ದರು. ಒಂದನ್ನು ನಿಧಾನವಾಗಿ ತೆಗೆದು ತೋರಿಸಿದೆ. ರಂಧ್ರದ ಬಾಯಲ್ಲಿ ಕಂದು ಬಣ್ಣದ ಅಂಟು, ಮೂಗಿಗೆ ಹಿಡಿದರೆ ಅಗಸೆ ಎಣ್ಣೆಯ ವಾಸನೆ. ಕೊಳವೆ ಒಳಗಿನಿಂದ ತುಕ್ಕು ಹಿಡಿಯಬಾರದೆಂದು ಬಿಸಿ ಅಗಸೆ ಎಣ್ಣೆಯನ್ನು ಸುರಿದು, ಎಲ್ಲ ಕಡೆ ಹರಿಯುವಂತೆ ಹೊರಳಿಸಿ, ಉಳಿದದ್ದನ್ನು ಬಸಿದು, ತೂತನ್ನು ಮುಚ್ಚುವುದು ಆ ಕಾಲದ ಪದ್ಧತಿ. ಆ ತಲೆಗಳನ್ನು ಗ್ರೈಂಡರಿಗೆ ಕೊಟ್ಟರೆ ಮುಚ್ಚಳ ಹೋಗುತ್ತದೆ. ಮೊದಲ ಮಳೆಗೇ ನೀರು ಒಳಗೆ ಇಳಿಯುತ್ತದೆ. ಹೊರಗೆ ಹೊಸ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಕೊಳವೆ ಸವೆಯುತ್ತಿರುತ್ತದೆ. ಯಾರಿಗೂ ಕಾಣುವುದಿಲ್ಲ.

ಕಂಟ್ರೋಲ್ ರಾಡ್‌ಗಳ ತುದಿಯಲ್ಲೂ ಒಂದೊಂದು ಸಣ್ಣ ತೂತು ಇರುತ್ತದೆ. ಅದು ಇನ್‌ಸ್ಪೆಕ್ಟರ್ ತಂತಿ ತೂರಿಸಿ ನೋಡುವ ಜಾಗ. ತಂತಿ ಒಳಗೆ ಹೋದರೆ ತುದಿಗೆ ತಿರುಗಿಸಿ ಕೂರಿಸಿದ ಭಾಗದ ಥ್ರೆಡ್ ರಾಡಿನೊಳಗೆ ಸಾಕಷ್ಟು ಕೂತಿಲ್ಲ ಎಂದರ್ಥ. ಪುಟ್ಟಿ ಮೆತ್ತಿ ಅದನ್ನು ಮುಚ್ಚಬೇಡಿ.

ಎಂಜಿನ್ ಮುಚ್ಚಳದ ಒಳಮೈಯಲ್ಲಿ ಕಂಡ ಕೆಂಪು ಕಲೆಯ ಬಗ್ಗೆ ನಾವೇ ಬಹಳ ಚರ್ಚೆ ಮಾಡಿದೆವು. ಮುಚ್ಚಳ ಅಲ್ಯೂಮಿನಿಯಂ, ಅದಕ್ಕೆ ಕೆಂಪು ತುಕ್ಕು ಬರುವುದಿಲ್ಲ. ಪ್ರೈಮರ್ ಎನ್ನೋಣವೆಂದರೆ ಒಂದೇ ಜಾಗದಲ್ಲಿ ಬೆರಳಗಲ ಮಾತ್ರ, ಅದೂ ಪದರ ಪದರವಾಗಿ. ಚೂರು ಕೆರೆದು ನಿಂಬೆರಸ ಬಿಟ್ಟೆವು, ಹಳದಿಗೆ ತಿರುಗಿತು. ಅರಿಶಿನ, ಸುಣ್ಣದಿಂದ ಮಾಡಿದ ಕುಂಕುಮ! ಆಯುಧಪೂಜೆಯ ದಿನ ಯಾರೋ ಹೊರಗಿನ ಬಣ್ಣ ಕೆಡದಂತೆ ಮುಚ್ಚಳ ಎತ್ತಿ, ವರ್ಷ ವರ್ಷವೂ ಅದೇ ಜಾಗಕ್ಕೆ ಇಟ್ಟಿದ್ದಾರೆ. ಯಾವ ಲಾಗ್‌ಬುಕ್ಕಿನಲ್ಲೂ ಇದು ಬರೆದಿಲ್ಲ. ನಾವು ಆ ಜಾಗವನ್ನು ಹಾಗೇ ಬಿಟ್ಟು ಸುತ್ತಲೂ ಬಣ್ಣ ಹಚ್ಚುವುದೆಂದು ತೀರ್ಮಾನಿಸಿದ್ದೇವೆ.

ಸೀಟಿನ ಕೆಳಗಿನ ಪ್ಲೈವುಡ್ ಹಲಗೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ‘ಎಡ ೭’ ಎಂದು ಕನ್ನಡದಲ್ಲಿದೆ. ಪಕ್ಕದ ಹಲಗೆಯ ಮೇಲೆ ತಮಿಳಿನಲ್ಲಿ ಏನೋ ಲೆಕ್ಕ ಬರೆದು ಹೊಡೆದು ಹಾಕಿದೆ. ಇದೇ ಕಾರ್ಖಾನೆಯ ತರಬೇತಿ ವಿಮಾನ ಎಚ್‌ಟಿ-2 ಎಂದರೆ ಅದನ್ನು ವಿನ್ಯಾಸ ಮಾಡಿದ ವಿ.ಎಂ. ಘಾಟಗೆಯವರ ಹೆಸರು ನೆನಪಾಗುತ್ತದೆ, ಆಗಲೇಬೇಕು. ಕಾರ್ಖಾನೆ ಎಂದರೆ 1940, ಅದನ್ನು ಕಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್, ಕೈಜೋಡಿಸಿದ ಮೈಸೂರು ಸರ್ಕಾರ. ಹಲಗೆ ಕೊಯ್ದು ಕೂರಿಸಿದ ಕೈಗಳ ದಾಖಲೆ ಮಾತ್ರ ಇಷ್ಟೇ, ಒಂದು ಪೆನ್ಸಿಲ್ ಗೆರೆ. ಅದು ಸ್ಯಾಂಡ್ ಪೇಪರಿನ ಒಂದು ಉಜ್ಜಿಗೆ ಹೋಗಿಬಿಡುತ್ತದೆ. ಮೊದಲು ಫೋಟೊ ತೆಗೆಯಿರಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆಯಿರಿ. ಬಿಚ್ಚಿದ ಪ್ರತಿ ಬೋಲ್ಟಿಗೂ ಚೀಟಿ ಕಟ್ಟಿ ಡಬ್ಬದಲ್ಲಿಡಿ. ಎಸ್.ಪಿ. ರಸ್ತೆಯಿಂದ ಹೊಸ ಬೋಲ್ಟು ತಂದು ಹಾಕಿದರೂ ಹಳೆಯದನ್ನು ಗುಜರಿಗೆ ಹಾಕಬೇಡಿ.

ಅಧ್ಯಾಪಕರಿಗೆ ಒಂದು ಎಚ್ಚರಿಕೆ. ಆ ಕಾಲದ ಕೆಲವು ಮೀಟರುಗಳ ಮುಳ್ಳಿಗೂ ಅಂಕಿಗೂ ರೇಡಿಯಂ ಬಣ್ಣ ಹಚ್ಚಿರುತ್ತಾರೆ. ಕತ್ತಲಲ್ಲಿ ಹೊಳೆಯುತ್ತಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದುಕೊಳ್ಳಬೇಡಿ. ಹೊಳೆಯುವ ಸತು ಸಲ್ಫೈಡ್ ಸತ್ತಿರುತ್ತದೆ, ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಮಕ್ಕಳು ಗಾಜು ಬಿಚ್ಚಿ ಬಾಯಿಂದ ಧೂಳು ಊದುವುದು ಬೇಡವೇ ಬೇಡ. ಮೀಟರನ್ನು ಬಿಚ್ಚದೆ ಹಾಗೇ ಇಡಿ.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ನಮ್ಮ ವಿಮಾನದ ಬಾಲದೊಳಗೆ, ಕೊಳವೆಗೆ ಬಿಗಿದಂತೆ, ಹತ್ತಿಬಟ್ಟೆ ಸುತ್ತಿದ ಸೀಸದ ತುಂಡೊಂದು ಸಿಕ್ಕಿದೆ. ಮೇಣದ ದಾರ, ರೆಕ್ಕೆಯ ಬಟ್ಟೆ ಹೊಲಿಯುವಾಗ ಹಾಕುವ ಅದೇ ಗಂಟು. ಮುಂದು ಹಿಂದಿನ ತೂಕ ಸರಿದೂಗಿಸಲು ಕಾರ್ಖಾನೆಯಲ್ಲಿ ಬಟ್ಟೆ ಹೊದಿಸುವ ಫ್ಯಾಬ್ರಿಕ್ ಶಾಪಿನವರೇ ಕಟ್ಟಿರಬೇಕೆಂದು ನನ್ನ ಊಹೆ. ತೂಕದ ಕಾಗದಪತ್ರದಲ್ಲಿ ಅದರ ಸುಳಿವಿಲ್ಲ. 1960ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಂಬತ್ತೈದು ದಾಟಿದೆ. ವಿಮಾನಪುರ, ಮುರುಗೇಶಪಾಳ್ಯ, ಕಗ್ಗದಾಸಪುರ, ಜಕ್ಕೂರು ಕಡೆಯ ಮನೆಗಳಲ್ಲಿ ಅಂಥ ಹಿರಿಯರು ಇದ್ದರೆ, ಮಕ್ಕಳು ಮೊಮ್ಮಕ್ಕಳು ಅವರನ್ನು ಇವತ್ತೇ ಕೇಳಿ ಈ ಅಂಕಣಕ್ಕೆ ಬರೆದು ತಿಳಿಸಲಿ: ಪುಷ್ಪಕ್ಕಿನ ಬಾಲಕ್ಕೆ ಸೀಸ ಕಟ್ಟುತ್ತಿದ್ದರೇ? ಎಷ್ಟು ತೂಕ? ಕಟ್ಟಲು ಹೇಳುತ್ತಿದ್ದವರು ಯಾರು?

— ನಿವೃತ್ತ ಏರ್‌ಫ್ರೇಮ್ ಮೆಕ್ಯಾನಿಕ್, ಮುರುಗೇಶಪಾಳ್ಯ, ಬೆಂಗಳೂರು